ಮಾದಣ್ಣ ಸವರಿದ ಆರ್ಕಿಡ್

ಮಾದಣ್ಣನ ಬೆರಳು ಸುಮ್ಮನಿರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಕಾಂಪೌಂಡಿನ ಗಿಡಗಳ ಹಣ್ಣೆಲೆ, ಒಣಕಡ್ಡಿ ಎಲ್ಲ ಚಿವುಟಿ ಗುಡ್ಡೆ ಹಾಕಿರುತ್ತಿದ್ದ. ನನ್ನ ದಾಸವಾಳವನ್ನು ಒಮ್ಮೆ ಬೋಳು ಮಾಡಿಟ್ಟಾಗ ರೇಗಿದೆ. "ಗಿಡುಕ್ಕೆ ಮುದ್ದು ಮಾಡುದ್ರೆ ಸೊಪ್ಪು ಬುಡ್ತದೆ, ಊವ ಬುಡಾಕಿಲ್ಲ ಕಣಕ್ಕ," ಅಂದ. ಮಳೆ ಬಿದ್ದ ಮೇಲೆ ದಾಸವಾಳ ಮೈತುಂಬ ಹೂಬಿಟ್ಟಿತು. ಆಮೇಲೆ ನನ್ನ ಗಿಡಗಳನ್ನೆಲ್ಲ ಅವನ ಕೈಗೇ ಬಿಟ್ಟೆ.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆ ಅವನದು, ಊರಾಚೆ ಮಲ್ಲಿಗೆ ತೋಟ. ಹೂ ಮುಗಿದ ಮೇಲೆ ನೀರು ನಿಲ್ಲಿಸಿ, ಕೊಂಬೆ ಸವರಿ, ಎಲೆ ಉದುರಿಸಿದರೆ ಮಲ್ಲಿಗೆ ಮತ್ತೆ ಒತ್ತೊತ್ತಾಗಿ ಮೊಗ್ಗು ಕಟ್ಟುತ್ತದೆ. ಆ ವಿದ್ಯೆಯಲ್ಲಿ ಅವನು ಸೋತವನಲ್ಲ.

ಹಟದಲ್ಲೂ ಹಾಗೆಯೇ. ನರಸೀಪುರದ ತಂಗಿ ಜಯಮ್ಮ ಸೋದರಮಾವನಾದ ತನ್ನನ್ನು ಒಂದು ಮಾತು ಕೇಳದೆ ಮಗಳ ಮದುವೆ ಗೊತ್ತುಮಾಡಿದಳೆಂದು ಮುನಿದು, ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡಲು ಹೋಗುವುದನ್ನೇ ಬಿಟ್ಟಿದ್ದ. ಅವನು ಕಾಯಿಲೆಬಿದ್ದು ಆಸ್ಪತ್ರೆಯಿಂದ ಬಂದಾಗ ಜಯಮ್ಮ ಮಗನ ಕೈಲಿ ಒಂದು ಆರ್ಕಿಡ್ ಕುಂಡ ಕಳಿಸಿದಳು. ನೇರಳೆ ಹೂ. ಮಾದಣ್ಣ ಅದನ್ನು ಜಗಲಿಯ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದ. ಹೂ ಉದುರಿದಾಗ, "ಗೌರಿ ಅಬ್ಬುಕ್ಕೆ ಇದ್ರಲ್ಲಿ ಊವ ಬುಡುಸ್ಕಂಡು ನಾನೇ ತಕ್ಕಂಡೋಯ್ತೀನಿ. ಇಷ್ಟು ವರ್ಸ ಆದ್ಮೇಲೆ ಬರಿಗೈಲಿ ಯಾವ ಮಕ ಇಟ್ಕಂಡು ಓಗ್ಲಿ?" ಅಂದ.

ಮಾರನೆಯ ಬೆಳಿಗ್ಗೆ ನೋಡಿದರೆ ಕುಂಡದಲ್ಲಿ ಎಲೆಯೇ ಇಲ್ಲ. ದಪ್ಪ ಎಲೆಗಳನ್ನೆಲ್ಲ ಬುಡಕ್ಕೆ ಸವರಿ ನೀರು ನಿಲ್ಲಿಸಿದ್ದ. ಮಲ್ಲಿಗೆಯ ಮಾದಣ್ಣನಿಗೆ ಹೇಳುವುದೇನು ಅಂದುಕೊಂಡೆ. ಆರ್ಕಿಡ್ಡಿನ ಜೀವವೆಲ್ಲ ಆ ನಾಲ್ಕೆಲೆಯಲ್ಲೇ ಇರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬೇರು ಸುರುಟಿತು. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಅವನು ದಿನವೂ ಬುಡ ಒತ್ತಿ ನೋಡುತ್ತಿದ್ದ.

ಗೌರಿ ಹಬ್ಬದ ದಿನ ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದ. "ಹೋಗ್ಬಾ ಮಾದಣ್ಣ, ಬಸ್ಸಿದೆ," ಅಂದೆ.

"ಅವ್ಳು ಕೊಟ್ಟುದ್ನ ಸಾಯಿಸ್ಬುಟ್ಟು ಎಂಗಕ್ಕ ಓಗದು?" ಅಂದವನು ಸಂಜೆಯವರೆಗೂ ಏಳಲಿಲ್ಲ. ಬರೀ ಒಂದು ಗಿಡಕ್ಕಾಗಿ ಆ ಹಬ್ಬ ಹೋಯಿತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ದೀಪಾವಳಿಗೆ ಮೊದಲೇ ಅವನು ಎದೆನೋವಿನಿಂದ ತೀರಿಕೊಂಡ. ಮಣ್ಣು ಮುಗಿಸಿ ಎಲ್ಲರೂ ಚದುರಿದ ಮೇಲೆ ಜಯಮ್ಮನಿಗೆ ಆರ್ಕಿಡ್ಡಿನ ಕತೆಯನ್ನೆಲ್ಲ ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡಳು.

"ಅಬ್ಬದ ದಿನ ನಾನೂ ಬಾಗ್ಲಲ್ಲೇ ಕೂತಿದ್ದೆ ಕಣಕ್ಕ," ಅಂದಳು. "ನನ್ ಮ್ಯಾಲೆ ಇನ್ನೂ ಸಿಟ್ಟು ಓಗಿಲ್ಲ, ಅದ್ಕೇ ಬರ್ನಿಲ್ಲ ಅಂದ್ಕಂಡೆ."