ಕೂಲರಿನ ಎದುರಿಗಿದ್ದ ಕಂಪ್ಯೂಟರ್

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಮಗಳ ಓದಿಗೆಂದು. ಹಾಗಂತ ನಾವು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ಮಗಳು ಅದರಲ್ಲಿ ಶಾಲೆಯ ಪ್ರಾಜೆಕ್ಟುಗಳನ್ನು ಟೈಪ್ ಮಾಡುತ್ತಿದ್ದದ್ದು ನಿಜ, ಆದರೆ ಅದು ಅಪರೂಪಕ್ಕೆ. ದಿನಾ ಅದರ ಮುಂದೆ ಕೂತು ಕಾರ್ ರೇಸ್ ಆಡುತ್ತಿದ್ದವಳು ನಾನು, ಶಾಲೆಯಲ್ಲಿ ಗಣಿತ ಕಲಿಸುವ, ನಲವತ್ತರ ಹತ್ತಿರ ಬಂದಿದ್ದ ಹೆಂಗಸು.

ನನ್ನದು ಬೆಳಗಿನ ಪಾಳಿಯ ಶಾಲೆ. ಮುಗಿಸಿಕೊಂಡು ಮನೀಶ್ ನಗರದ ಮನೆಗೆ ಬಂದರೆ, ಮಗಳು ಬರುವವರೆಗೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಉಂಡ ತಟ್ಟೆಯನ್ನೂ ತೊಳೆಯದೆ ಹೋಗಿ ಕೂರುತ್ತಿದ್ದೆ. ನಮ್ಮಲ್ಲಿ ಕಾರು ಇರಲಿಲ್ಲ. ನಾಗಪುರವನ್ನೆಲ್ಲ ನಾನು ಗಂಡನ ಸ್ಕೂಟರಿನ ಹಿಂದಿನ ಸೀಟಿನಿಂದಲೇ ನೋಡಿದ್ದು. ಪರದೆಯ ಮೇಲೆ ಮಾತ್ರ ಯಾರಿಗೂ ದಾರಿ ಬಿಟ್ಟವಳಲ್ಲ. ತಿರುವಿನಲ್ಲಿ ಒಳಗಡೆಯಿಂದ ನುಗ್ಗಿ ಮುಂದಿನವನನ್ನು ಹಿಂದೆ ಹಾಕುವ ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ. ಚೆನ್ನಾಗಿ ಆಡುತ್ತಿದ್ದೆ. ಈಗ ಎದೆ ತಟ್ಟಿ ಹೇಳುತ್ತೇನೆ, ಆಗ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಆಟವೆಲ್ಲ ಮಗಳದು ಎಂದುಬಿಡುತ್ತಿದ್ದೆ.

ಕೊಂಡು ನಾಲ್ಕೈದು ವರ್ಷವಾದ ಮೇಲೆ, ಒಂದು ಬೇಸಿಗೆಯಲ್ಲಿ, ಅದು ನಡುನಡುವೆ ನಿಲ್ಲತೊಡಗಿತು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಪರದೆ ಗಕ್ಕನೆ ನಿಂತುಬಿಡುವುದು, ಏನು ಒತ್ತಿದರೂ ಅಲುಗುತ್ತಿರಲಿಲ್ಲ. ನಮ್ಮವರಿಗೆ ಹೇಳಿದೆ. ಅವರಿಗೆ ಗಾಂಧಿಬಾಗಿನ ಬ್ಯಾಂಕಿನಲ್ಲಿ ಕೆಲಸ, ಧಾರವಾಡದ ಮಂದಿ, ಮಾತಿಗೆ ಕಮ್ಮಿಯಿಲ್ಲ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಅಂದರು.

ಎರಡೇ ದಿನದಲ್ಲಿ ಅವರು ಟೈಪ್ ಮಾಡುತ್ತಿದ್ದ ಪತ್ರವೇ ನಡುವೆ ಮಾಯವಾಯಿತು. ಆಗ ನೆಲ ನಿಜವಾಗಿಯೂ ಡೊಂಕಾಯಿತು.

"ಈ ಡಬ್ಬೀದು ಆತು. ಹೊಸಾದು ತಗೊಳ್ಳೂಣು" ಎಂದು ರವಿವಾರ ನನ್ನನ್ನು ಸೀತಾಬರ್ಡಿಯ ಅಂಗಡಿಗೆ ಕರೆದುಕೊಂಡು ಹೋದರು.

ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಳೆಯುತ್ತೇನೆಂದು ಅಂಗಡಿಯವನು ಹೇಳಿದ. ತೋರಿಸಿದ ಯಂತ್ರ ಕಪ್ಪಗೆ, ಲಕ್ಷಣವಾಗಿತ್ತು. ವಾರಂಟಿ ಇತ್ತು, ಇಂಟರ್ನೆಟ್ಟಿಗೆ ಎಲ್ಲ ಸೌಕರ್ಯ ಇತ್ತು. ಇದರಲ್ಲಿ ಕಾರ್ ರೇಸ್ ಓಡುತ್ತದೆಯೇ ಎಂದು ಕೇಳಿದೆ.

"ಗೇಮ್ ನಹೀ ಚಲೇಗಾ, ಮ್ಯಾಡಮ್. ಇಸ್ಮೇ ಗ್ರಾಫಿಕ್ಸ್ ಕಾರ್ಡ್ ನಹೀ ಹೈ" ಎಂದ. ಆಟ ಓಡಲು ಬೇಕಾದ ಆ ಕಾರ್ಡು ನಮ್ಮ ಹಳೆಯದರಲ್ಲಿತ್ತು, ಇದರಲ್ಲಿ ಇರಲಿಲ್ಲ. ಆಮೇಲೆ ನಮ್ಮವರ ಕಡೆ ತಿರುಗಿ, "ಬಚ್ಚಾ ಖೇಲತಾ ಹೈ ಕ್ಯಾ, ಸಾಬ್?" ಎಂದು ಕೇಳಿದ.

"ಹಾಂ, ಬೇಟೀ" ಎಂದರು ನಮ್ಮವರು.

ಆಡುವವಳು ಮಗಳೆಂಬ ಅದೇ ಸುಳ್ಳನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಆದರೆ ಅವರ ಬಾಯಿಂದ ಕೇಳಿದಾಗ ಮೈ ಉರಿದುಹೋಯಿತು. ಹೊಸ ಯಂತ್ರ ಬಂದರೆ ನನ್ನ ಆಟ ಹೋಗುತ್ತದೆ, ಮತ್ತು ಹೋದದ್ದು ನನ್ನದು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಗಳಿಗೇನು, ಅವಳು ಆಡುವವಳೇ ಅಲ್ಲ.

"ಬೇಟೀ ನಹೀ" ಎಂದೆ. "ಮೈ ಖೇಲತೀ ಹೂಂ." ಮಗಳಲ್ಲ, ಆಡುವವಳು ನಾನು.

ಅಂಗಡಿಯವನು ನನ್ನ ಸೀರೆ ನೋಡಿದ, ಬಳೆ ನೋಡಿದ, ಆಮೇಲೆ ನಮ್ಮವರ ಮುಖ ನೋಡಿದ. ನಮ್ಮವರು ಗಾಜಿನ ಕಪಾಟಿನಲ್ಲಿದ್ದ ಮೌಸುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮುಂದಿನ ರವಿವಾರ ಮನೆಗೆ ಬಂದು ಹಳೆಯದನ್ನು ನೋಡಿ ಬೆಲೆ ಕಟ್ಟುತ್ತೇನೆ ಎಂದು ಅವನು ಹೇಳಿದ್ದೇ ತಡ, ಸ್ಕೂಟರ್ ಹತ್ತಿದೆವು.

ಮನೆ ಮುಟ್ಟಿದೆವು. ಚಪ್ಪಲಿ ಬಿಡುವಾಗ ಶುರುವಾಯಿತು.

"ಅಲ್ಲಾ, ಅಂಗಡ್ಯಾಗ ಹಂಗ ಹೇಳೂದಿತ್ತೇನ?"

"ಸುಳ್ಳ ಹೇಳಿದ್ನೇನ್ರಿ?"

"ಸುಳ್ಳಲ್ಲ, ಖರೇನ. ಆದ್ರ ಮಂದಿ ಏನಂತಾರ?"

"ಅವ ಏನೂ ಅನ್ನಲಿಲ್ಲಲ್ಲ. ನಿಮಗ ಯಾಕ ನಾಚಿಕಿ?"

ಹಳೆಯದಕ್ಕೇ ಒಂದೆರಡು ಭಾಗ ಹೊಸದು ಹಾಕಿಸೋಣ ಎಂದೆ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ ಎಂದರು. ನೆಗಡಿ ಬಂತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ ಎಂದೆ. ಮೂಗಿನ ಮೇಲೆ ಇಷ್ಟು ಹೊತ್ತು ವಾದ ಮಾಡಿದ ದಂಪತಿ ನಾವೇ ಇರಬೇಕು. ಕೊನೆಗೆ ಅವರೇ ಸೋತು, "ರವಿವಾರದ ತನಕಾ ನೋಡು. ನಿನ್ನ ಕೈಲೆ ನೆಟ್ಟಗಾದ್ರ ಆಗಲಿ" ಎಂದರು. ಆಗುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದ್ದು.

ವಾರವೆಲ್ಲ ನನಗೂ ಏನೂ ತೋಚಲಿಲ್ಲ. ಶನಿವಾರ ಕೂಲರಿನ ಹುಲ್ಲು ಬದಲಿಸಲು ಕೂತೆ. ನಾಗಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಬದುಕಿಲ್ಲ. ಮೂರು ಬದಿಗೆ ಹುಲ್ಲಿನ ಪರದೆ, ಅದರ ಮೇಲೆ ಪಂಪು ನೀರು ಸುರಿಸುತ್ತದೆ, ಒಳಗಿನ ಫ್ಯಾನು ಆ ತಂಪನ್ನು ಕೋಣೆಗೆ ಊದುತ್ತದೆ. ವರ್ಷಾ ವರ್ಷಾ ಈ ಕೆಲಸ ನನ್ನದೇ. ಹಳೆಯ ಹುಲ್ಲು ಕಿತ್ತು ನೆಲ ಗುಡಿಸುತ್ತಾ ಹೋದೆ. ಕಸಬರಿಗೆ ಕಂಪ್ಯೂಟರಿನ ಹಿಂದಕ್ಕೆ ಹೋಯಿತು. ಅಲ್ಲಿಯೂ ಹುಲ್ಲಿನ ಚೂರು ಸಿಕ್ಕಿತು.

ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಕಂಪ್ಯೂಟರ್ ತಂಪಾಗಿರಬೇಕು ಎಂದು ಕೊಂಡಾಗಲೇ ಹೇಳಿದ್ದರು. ನಾವು ಅದನ್ನು ಅಕ್ಷರಶಃ ಪಾಲಿಸಿದ್ದೆವು. ಪ್ರತಿ ಬೇಸಿಗೆಯೂ, ಪಾಪ ಅದಕ್ಕೂ ಸೆಕೆ ಎಂದು, ಕೂಲರಿನ ಬಾಯನ್ನು ನೇರ ಅದರ ಬೆನ್ನಿಗೇ ತಿರುಗಿಸಿ ಇಡುತ್ತಿದ್ದೆವು. ಇಷ್ಟು ವರ್ಷ ಅದಕ್ಕೆ ಒದ್ದೆ ಗಾಳಿ ಮತ್ತು ಹುಲ್ಲು ತಿನ್ನಿಸಿದ್ದು ನಾವೇ.

ವಾಯರ್ ಎಲ್ಲ ಕಿತ್ತು, ಪಕ್ಕದ ತಗಡು ಬಿಚ್ಚಿದೆ. ಒಳಗಿನ ಪುಟ್ಟ ಫ್ಯಾನು ಕಾಣುತ್ತಲೇ ಇರಲಿಲ್ಲ. ಹುಲ್ಲು, ಧೂಳು ಸೇರಿ ಕಂಬಳಿಯ ಹಾಗೆ ಮುಚ್ಚಿಕೊಂಡಿತ್ತು. ಬಣ್ಣ ಹಚ್ಚುವ ಬ್ರಶ್ಶಿನಿಂದ ಮೆಲ್ಲಗೆ ಬಿಡಿಸಿದೆ. ಮೆಮರಿಯ ಪಟ್ಟಿಯನ್ನು ಹೊರಗೆಳೆದು ನೋಡಿದರೆ ಅದರ ಬಂಗಾರದ ಬಣ್ಣದ ಅಂಚು ಮಂಕಾಗಿತ್ತು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಸರ್ ಹೀಗಾದಾಗ ರಬ್ಬರಿನಿಂದ ಉಜ್ಜುವುದನ್ನು ನೋಡಿದ್ದೆ. ರಬ್ಬರಿಗೆ ನನ್ನ ಚೀಲದಲ್ಲಿ ಬರವೇ? ಉಜ್ಜಿದೆ, ಹೊಳೆಯಿತು, ಮತ್ತೆ ಕೂರಿಸಿದೆ. ಕೆಟ್ಟರೆ ನಾಳೆ ಅಂಗಡಿಯವನು ಹೊತ್ತೊಯ್ಯುತ್ತಾನೆ, ನನಗೆ ಬಾಯಿ ತೆರೆಯಲು ಮುಖವಿರುವುದಿಲ್ಲ.

ಗುಂಡಿ ಒತ್ತಿದೆ. ಶುರುವಾಯಿತು. ಒಂದು ರೇಸ್, ಎರಡು ರೇಸ್, ಎಲ್ಲೂ ನಿಲ್ಲಲಿಲ್ಲ. ಶಾಲೆಯಿಂದ ಬಂದ ಮಗಳು ಬಾಗಿಲಲ್ಲೇ ನಿಂತು, "ಅವ್ವಾ, ನೀನ ಬಿಚ್ಚಿದಿ? ಖರಂಚ್?" ಎಂದು ಅರ್ಧ ಮರಾಠಿಯಲ್ಲಿ ಕೇಳಿದಳು. ಹೌದು, ಖರೇನ ನಾನೇ ಎಂದೆ. ಆ ಸಂಜೆ ನನ್ನಷ್ಟು ಬೀಗಿದವರು ನಾಗಪುರದಲ್ಲಿ ಇನ್ನೊಬ್ಬರಿರಲಿಲ್ಲ.

ಬೀಗಿದ್ದು ಇಳಿದ ಮೇಲೆ ಯೋಚಿಸಿದೆ. ಹಳೆಯದು ಹಳೆಯದೇ, ಹೊಸ ಆಟಗಳಿಗೆ ಅದರ ಶಕ್ತಿ ಸಾಲದು. ಆದರೆ ನಮ್ಮ ಕೂಲರ್ ಮಗಳಿಗಿಂತ ಹಿರಿಯದು. ಪಂಪು ಬದಲಾಗಿದೆ, ಮೋಟರು ಬದಲಾಗಿದೆ, ತೊಟ್ಟಿಗೆ ಎಷ್ಟೋ ಸಲ ಬಣ್ಣ ಬಿದ್ದಿದೆ. ಅದನ್ನು ಬಿಸಾಡು ಎಂದು ಈ ಊರಿನಲ್ಲಿ ಯಾರೂ ಹೇಳಿಲ್ಲ. ಇದಕ್ಕೂ ಇನ್ನೊಂದು ಮೆಮರಿ ಪಟ್ಟಿ, ಹೆಚ್ಚು ಶಕ್ತಿಯ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮುಗಿಯಿತು ಎಂದು ನಿರ್ಧರಿಸಿದೆ. ಯಂತ್ರವನ್ನು ಕೂಲರಿನಿಂದ ದೂರ, ಎದುರು ಗೋಡೆಗೆ ಸರಿಸಿದೆ. ನಮ್ಮವರು ಬಂದು ನೋಡಿದರು, ಹಿಂದೆ ಮುಂದೆ ಸುತ್ತಿದರು, "ಹ್ಞೂಂ" ಎಂದರು. ಅಷ್ಟೇ.

ರವಿವಾರ ಅಂಗಡಿಯವನು ಬಂದ. ಆಟ ಹಾಕಿ ತೋರಿಸಿ ಎಂದ. ಕೂತೆ. ಅವನೂ ನಮ್ಮವರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಕಾರು ಓಡುತ್ತಿತ್ತು, ಅವನು ಹಿಂದೆಯೇ ವ್ಯಾಪಾರ ಶುರು ಮಾಡಿದ. ಈಗ ಚಾಲೂ ಇದೆ, ಹಾಗಾಗಿ ಒಳ್ಳೆಯ ಬೆಲೆ ಕೊಡುತ್ತೇನೆ, ಆರು ತಿಂಗಳಾದರೆ ಯಾರೂ ಮುಟ್ಟುವುದಿಲ್ಲ, ಹೇಳಿ ಸಾಬ್, ಏನು ಮಾಡೋಣ ಎಂದ.

ನಮ್ಮವರು ನನ್ನ ಕಡೆ ಕೈ ತೋರಿಸಿ, "ಮುಝೇ ಮತ್ ಪೂಛೋ. ಮಶೀನ್ ಇನ್‌ಕಾ ಹೈ, ಖೇಲತೀ ಭೀ ಯಹೀ ಹೈ, ಠೀಕ್ ಭೀ ಇನ್ಹೋನೇ ಕಿಯಾ" ಎಂದರು. ನನ್ನನ್ನು ಕೇಳಬೇಡ, ಯಂತ್ರ ಇವರದು, ಆಡುವವರೂ ಇವರೇ, ಸರಿ ಮಾಡಿದವರೂ ಇವರೇ ಎಂದು, ಪರರ ಎದುರಿಗೆ, ಸ್ಪಷ್ಟವಾಗಿ.

ನನ್ನ ಕಾರು ಹೋಗಿ ಗೋಡೆಗೆ ಗುದ್ದಿತು. ಹಿಂದೆ ತಿರುಗಲಿಲ್ಲ. ಮಾರುವುದಿಲ್ಲ, ಇದಕ್ಕೆ ಹೊಂದುವ ಗ್ರಾಫಿಕ್ಸ್ ಕಾರ್ಡ್ ಇದ್ದರೆ ತಂದುಕೊಡಿ ಎಂದು ಹೇಳಿ, ರೇಸನ್ನು ಮೊದಲಿನಿಂದ ಶುರು ಮಾಡಿದೆ. ಮುಗಿಯುವವರೆಗೂ ಇಬ್ಬರೂ ನಿಂತು ನೋಡಿದರು.