ನಡುಗದ ಮುಳ್ಳು

ಕೌಲ್ ಬಜಾರಿನ ಒಂದು ಓಣಿಯಲ್ಲಿ, ವೆಲ್ಡಿಂಗ್ ಅಂಗಡಿಗೂ ಆಟೋ ಸೀಟು ಹೊಲಿಯುವವರಿಗೂ ನಡುವೆ, ನಾನು ಕೆಲಸಕ್ಕೆ ಸೇರಿದ ವರ್ಕ್‌ಶಾಪ್ ಇತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಿರಣಿಗಳಿಗೆ ಸ್ವಿಚ್ಚುಗಳ ಪ್ಯಾನೆಲ್ ಮಾಡಿಕೊಡುವುದು ಅಲ್ಲಿಯ ಕಸುಬು. ಮಾಲೀಕರಿಗೆ ಹೊಸದರ ಹುಚ್ಚು ಬಹಳ. ಹೈದರಾಬಾದಿನಿಂದ ಒಂದು ಕಂಪ್ಯೂಟರ್ ತರಿಸಿ, ಅದರಲ್ಲಿ ವಿಂಡೋಸ್ ಹಾಕಿಸಿದ್ದರು. ಇಂಜಿನಿಯರಿಂಗ್ ಮುಗಿಸಿ ಸುಮ್ಮನೆ ಕುಳಿತಿದ್ದ ನನ್ನನ್ನು, ಕಂಟೋನ್ಮೆಂಟಿನ ನಮ್ಮ ಮನೆಗೇ ಬಂದು ಅಪ್ಪನ ಒಪ್ಪಿಗೆ ಕೇಳಿ ಕೆಲಸಕ್ಕೆ ಕರೆದರು. ಬಳ್ಳಾರಿಯಲ್ಲಿ ಆಗ ವಿಂಡೋಸ್ ಎಂಬ ಹೆಸರು ಕೇಳಿದವರನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತೇನೋ. ನನಗೆ ಗುರು ಎಂದರೆ ಇಟ್ಟಿಗೆಯಷ್ಟು ದಪ್ಪದ ಎರಡು ಪುಸ್ತಕಗಳು, ಅಷ್ಟೇ.

ಮಾಲೀಕರ ಯೋಚನೆ ಇಷ್ಟು: ಸಿರುಗುಪ್ಪದ ಕಡೆ ಭತ್ತವನ್ನು ಹಬೆಯಲ್ಲಿ ಬೇಯಿಸಿ ಅಕ್ಕಿ ಮಾಡುವ ಗಿರಣಿಗಳಿವೆ. ಪ್ರತಿಯೊಂದರಲ್ಲೂ ಭತ್ತದ ಹೊಟ್ಟು ಉರಿಸುವ ಬಾಯ್ಲರ್. ಬಾಯ್ಲರಿನ ಒತ್ತಡ ತೋರಿಸುವ ಗಡಿಯಾರದಂಥ ಮೀಟರು ಮೇಲೆಲ್ಲೋ ಇರುತ್ತದೆ, ಹೊಟ್ಟಿನ ಧೂಳಿನಲ್ಲಿ ಮಸುಕಾಗಿ. ಅದನ್ನು ನೋಡಲು ಏಣಿ ಹತ್ತಬೇಕು. ಬಾಯ್ಲರಿನಿಂದ ಒಂದು ತಂತಿ ಎಳೆದು, ಆ ಮೀಟರಿನ ಚಿತ್ರವನ್ನೇ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದರೆ, ಕೆಳಗೆ ಕುರ್ಚಿಯಲ್ಲಿ ಕುಳಿತೇ ನೋಡಬಹುದು.

ಆ ಚಿತ್ರ ಬರೆಸುವುದು ನನ್ನ ಕೆಲಸವಾಯಿತು. ಮೊದಮೊದಲು ಪರದೆ ನನ್ನ ಮಾತನ್ನೇ ಕೇಳುತ್ತಿರಲಿಲ್ಲ. ಮೀಟರಿನ ಮೇಲೆ ಇನ್ನೊಂದು ಚೌಕ ತೆರೆದು ಮುಚ್ಚಿದರೆ, ಆ ಜಾಗದಲ್ಲಿ ಬಿಳಿಯ ತೂತು ಉಳಿಯುತ್ತಿತ್ತು. ಗುಂಡಿ ಒತ್ತಿದರೆ ಕೆಲಸ ನಡೆಯುತ್ತಿತ್ತು, ಗುಂಡಿಯ ಚಿತ್ರ ಮಾತ್ರ ಒತ್ತಿದಂತೆ ಕಾಣುತ್ತಿರಲಿಲ್ಲ. ಒಂದೊಂದನ್ನೇ ಹಿಡಿದು, ವಾರಗಟ್ಟಲೆ ಕುಳಿತು ಸರಿಮಾಡಿದೆ. ಒತ್ತಡ ಕೆಂಪು ಗೆರೆ ದಾಟಿದಾಗ ಪರದೆಯ ಮೇಲೆ 'ಅಪಾಯ' ಎಂದು ಕನ್ನಡದಲ್ಲೇ ಬರಬೇಕೆಂದು ನನಗೆ ಆಸೆ. ಆ ಯಂತ್ರಕ್ಕೆ ಕನ್ನಡದ ಅಕ್ಷರಗಳು ಗೊತ್ತಿರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಚುಕ್ಕಿ ಇಟ್ಟು ಆ ಮೂರು ಅಕ್ಷರ ಬಿಡಿಸಿ, ಚಿತ್ರದಂತೆ ಒಳಗೆ ಸೇರಿಸಿದೆ. ಮೊದಲ ಸಲ ಅದು ಕೆಂಪಗೆ ಮೂಡಿದಾಗ ಪಕ್ಕದ ವೆಲ್ಡಿಂಗ್ ಅಂಗಡಿಯವರನ್ನೂ ಕರೆದು ತೋರಿಸಿದೆ. ಒತ್ತಡ ಇಳಿದರೆ ಪದ ಅಳಿಸಿಹೋಗಿ, ಮುಳ್ಳು ಮತ್ತೆ ಹಸಿರು ಭಾಗದಲ್ಲಿ ನಿಲ್ಲುತ್ತಿತ್ತು.

"ಗಂಟಿ ಒಂದು ಬೇಕ್ರಿ ಸರ್," ಎಂದೆ ಮಾಲೀಕರಿಗೆ. "ನೋಡದಿದ್ರೂ ಕೇಳಬೇಕು."

"ಗಿರಣಿ ಸದ್ದಿನಾಗ ಗಂಟಿ ಯಾರಿಗೆ ಕೇಳ್ತೈತಮ್ಮ. ಆಮ್ಯಾಲ ನೋಡೋಣು," ಎಂದರು. ನಾನೂ ಹಟ ಹಿಡಿಯಲಿಲ್ಲ.

ಮೊದಲ ಪರದೆ ಹೋದದ್ದು ಸಿರುಗುಪ್ಪದಿಂದ ದೇಶನೂರಿಗೆ ಹೋಗುವ ಕಡೆಯ ಒಂದು ಗಿರಣಿಗೆ. ಎರಡನೆಯದು ಕುರುಗೋಡಿನ ಒಂದು ಎಣ್ಣೆ ಗಿರಣಿಗೆ; ಎಣ್ಣೆಕಾಳಿಗೆ ಹಬೆ ಕೊಡಲು ಅಲ್ಲೂ ಬಾಯ್ಲರ್ ಇತ್ತು. ಸಿರುಗುಪ್ಪದ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಕುರುಗೋಡಿನವರೇ, ಅರವತ್ತರ ಹತ್ತಿರದ ಮನುಷ್ಯ. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು ಅವರ ಹುಬ್ಬಿನ ಕೂದಲು ಉದುರಿಹೋಗಿತ್ತು. ಬಾಯ್ಲರಿನ ಸದ್ದು ಕೇಳಿಯೇ ಒತ್ತಡ ಎಷ್ಟಿದೆ ಎಂದು ಹೇಳುವವರು. ಆದರೆ ಮೊಣಕಾಲು ಹಿಡಿದುಕೊಂಡಿದ್ದವು, ಕಿವಿಯೂ ಮಂದವಾಗುತ್ತಿತ್ತು.

ಪರದೆಯನ್ನು ಅವರು ನಂಬಲಿಲ್ಲ. ನಂಬಿಸಿದವಳು ನಾನು. ಒಂದಿಡೀ ದಿನ ಅವರು ಏಣಿ ಹತ್ತಿ ಮೀಟರು ನೋಡಿ ಕೂಗುವುದು, ನಾನು ಕೆಳಗೆ ಪರದೆ ನೋಡಿ ಕೂಗುವುದು. ಪ್ರತಿ ಸಲವೂ ಎರಡೂ ಒಂದೇ. ಸಂಜೆಗೆ ಅವರು ಇಳಿದು ಬಂದು, ತಲೆಯ ವಸ್ತ್ರದಿಂದ ಮುಖ ಒರೆಸಿಕೊಂಡು, ಪರದೆಯ ಮುಂದೆ ಕುಳಿತರು.

"ನಿನ್ನ ಡಬ್ಬಿ ಸುಳ್ಳು ಹೇಳಂಗಿಲ್ಲ ಬಿಡವ್ವ," ಎಂದರು.

"ಇನ್ನ ಮ್ಯಾಲ ಏಣಿ ಹತ್ತಬ್ಯಾಡ್ರಿ ತಾತ. ಇದನ್ನ ನೋಡಿದ್ರ ಸಾಕು," ಎಂದೆ. ಆ ಮಾತನ್ನು ನಾನು ಆಡಿದ ದನಿ ಕೂಡ ನನಗೆ ನೆನಪಿದೆ.

ಎರಡು ವಾರದ ಮೇಲೆ ಗಿರಣಿಯ ಸಾವ್ಕಾರರಿಂದ ಫೋನ್ ಬಂತು. ಬಸ್ಸು ಹಿಡಿದು ಹೋದೆ. ತಾತ ಪರದೆಯ ಮುಂದೆ ನಿಂತಿದ್ದರು.

"ನೋಡಿಲ್ಲಿ. ಬೆಂಕಿ ತಗ್ಗಿಸಿದ್ರೂ ಇದು ಇಳಿಯಂಗಿಲ್ಲ. ಬಾಣ ಓಡಾಡ್ತೈತಿ, ಮುಳ್ಳು ನಿದ್ದಿ ಮಾಡೈತಿ," ಎಂದರು.

ಮೌಸ್ ಅಲುಗಿಸಿದರೆ ಅದರ ಬಾಣ ಪರದೆಯ ತುಂಬ ಸಲೀಸಾಗಿ ಹರಿದಾಡುತ್ತಿತ್ತು. ಒತ್ತಡದ ಮುಳ್ಳು ಮಾತ್ರ ಕೆಂಪು ಗೆರೆಗಿಂತ ತುಸು ಕೆಳಗೆ, ಹಸಿರಿನಲ್ಲಿ, ಅಂಟಿಸಿದಂತೆ ನಿಂತಿತ್ತು. ಯಂತ್ರ ಆಫ್ ಮಾಡಿ ಆನ್ ಮಾಡಿದೆ. ಮುಳ್ಳು ಎದ್ದು ಸರಿಯಾದ ಜಾಗಕ್ಕೆ ಬಂತು. ಅಲ್ಲೇ ಮೂರು ತಾಸು ಕುಳಿತು ನೋಡಿದೆ, ಏನೂ ಆಗಲಿಲ್ಲ. ಕರೆಂಟು ಏರಿಳಿತದ ದೋಷ ಇರಬೇಕು ಎಂದು ಹೇಳಿ ಬಂದೆ. ಮಾಲೀಕರೂ ಅದೇ ಎಂದರು. ವಾಪಸು ಬರುವಾಗ ತೆಕ್ಕಲಕೋಟೆ ದಾಟುವವರೆಗೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಕರೆಂಟಿನ ದೋಷವಾದರೆ ಇಡೀ ಯಂತ್ರ ನಿಲ್ಲಬೇಕು, ಬಾಣವೂ ನಿಲ್ಲಬೇಕು. ಬಾಣ ಓಡಾಡುವಾಗ ಮುಳ್ಳು ಯಾಕೆ ನಿಂತಿತು? ಈ ಪ್ರಶ್ನೆ ಬಂತು. ಬಂದದ್ದನ್ನು ನಾನು ಹಿಂಬಾಲಿಸಲಿಲ್ಲ. ಕುರುಗೋಡಿನ ಕೆಲಸ ಬಾಕಿಯಿತ್ತು, ಅದರಲ್ಲಿ ಮುಳುಗಿದೆ.

ಮತ್ತೆ ಸಿರುಗುಪ್ಪಕ್ಕೆ ಹೋದದ್ದು ಇನ್ನೂ ಒಂಬತ್ತೋ ಹತ್ತೋ ದಿನದ ಮೇಲೆ, ಸಾವ್ಕಾರರಿಗೆ ಯಾವುದೋ ಕಾಗದ ಕೊಡುವುದಕ್ಕೆ. ಹನ್ನೊಂದು ಗಂಟೆಯ ಬಿಸಿಲು. ಅಂಗಳದಲ್ಲಿ ಬೇಯಿಸಿದ ಭತ್ತ ಹರವಿದ್ದರು, ಹೆಣ್ಣುಮಕ್ಕಳು ಕಾಲಲ್ಲಿ ತಿರುವುತ್ತಿದ್ದರು. ತಾತ ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತು ನನಗೂ ಒಂದು ಚಹಾ ತರಿಸಿದರು.

ಚಹಾ ಕುಡಿಯುತ್ತ ಪರದೆ ನೋಡಿದೆ. ಮುಳ್ಳು ಕೆಂಪು ಗೆರೆಗಿಂತ ತುಸು ಕೆಳಗಿತ್ತು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಲೋಟ ಕೈಯಲ್ಲೇ ಉಳಿಯಿತು. ಬಾಯ್ಲರಿನ ಒತ್ತಡ ಎಂದೂ ಒಂದೇ ಕಡೆ ನಿಲ್ಲುವುದಿಲ್ಲ. ಕೂದಲೆಳೆಯಷ್ಟಾದರೂ ಮುಳ್ಳು ನಡುಗುತ್ತಲೇ ಇರಬೇಕು. ಇದು ನಡುಗುತ್ತಿರಲಿಲ್ಲ.

"ತಾತ, ಇದು ಎಷ್ಟ್ ಹೊತ್ತಿನಿಂದ ಇಲ್ಲೇ ಐತ್ರಿ?"

"ಮುಂಜಾನಿಯಿಂದ ಇವತ್ತು ಭಾಳ ಶಾಣ್ಯಾ ಆಗೇತಿ ನೋಡು. ಅತ್ತಾಗ ಇಲ್ಲ, ಇತ್ತಾಗ ಇಲ್ಲ," ಎಂದು ನಕ್ಕರು.

ನನ್ನ ಮುಖ ನೋಡಿ ಅವರ ನಗು ನಿಂತಿತು. ಎದ್ದರು. ಮೊಣಕಾಲು ನೋಯುವ ಆ ಮನುಷ್ಯ ಬಾಯ್ಲರ್ ಮನೆಯ ಕಡೆ ಓಡಿದ್ದನ್ನು ನಾನು ನೋಡಿದೆ. ಹೊಟ್ಟು ಹಾಕುತ್ತಿದ್ದ ಇಬ್ಬರಿಗೆ ಕೈಸನ್ನೆಯಲ್ಲೇ ನಿಲ್ಲಿಸಲು ಹೇಳಿ ಹೊರಗೆ ಅಟ್ಟಿದರು. ನಾನು ಬಾಗಿಲವರೆಗೆ ಹೋದೆ. ಅಲ್ಲಿಂದಲೇ ಮೇಲಿನ ಹಳೆಯ ಮೀಟರು ಕಾಣುತ್ತಿತ್ತು. ಧೂಳಿನ ಗಾಜಿನ ಹಿಂದೆ ಅದರ ಮುಳ್ಳು ಕೆಂಪನ್ನು ದಾಟಿ, ಬರೆದ ಅಂಕಿಗಳೆಲ್ಲ ಮುಗಿಯುವ ಕಡೆಗೆ ಹೋಗಿತ್ತು.

"ಯವ್ವಾ, ಒಳಗ ಬರಬ್ಯಾಡ," ಎಂದರು ತಾತ, ನನ್ನ ಕಡೆ ತಿರುಗದೆ.

ಹಬೆ ಹೊರಬಿಡುವ ವಾಲ್ವಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸತೊಡಗಿದರು. ಅದೇ ಹೊತ್ತಿಗೆ ಮೇಲಿನ ಸೇಫ್ಟಿ ವಾಲ್ವ್, ಏಳಬೇಕಾದ ಹೊತ್ತು ಮೀರಿದ ಮೇಲೆ, ಚೀರುತ್ತ ಎದ್ದಿತು. ಆ ಚೀರಾಟದ ನಡುವೆ ಬಟ್ಟೆ ಹರಿದಂಥ ಇನ್ನೊಂದು ಸದ್ದಾಯಿತು. ತಾತನ ಎಡಗಡೆಯ ಪೈಪಿನ ಜೋಡಣೆ ಬಿಟ್ಟಿತ್ತು. ಬಿಳಿಯ ಹಬೆಯಲ್ಲಿ ಅವರು ಕಾಣದಾದರು. ಹೊರಗೆ ಬಂದಾಗ ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದರು, ಬೇರೆ ಯಾರದೋ ಕೈ ಎಂಬಂತೆ. ಚಕ್ರವನ್ನು ಮಾತ್ರ ಪೂರ್ತಿ ತಿರುಗಿಸಿಯೇ ಬಂದಿದ್ದರು.

ಸಾವ್ಕಾರರ ಜೀಪಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಅವರು ನರಳಲಿಲ್ಲ, ನೀರು ಮಾತ್ರ ಕೇಳಿದರು. ಕೈ, ಹೆಗಲು, ಕುತ್ತಿಗೆಯ ಒಂದು ಭಾಗ ಸುಟ್ಟಿತ್ತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು.

ಹಬೆ ಸೋರದಂತೆ ಪೈಪಿನ ಜೋಡಣೆಯ ನಡುವೆ ಇಡುವ ಪ್ಯಾಕಿಂಗ್ ಹಳೆಯದಾಗಿತ್ತು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಪರದೆಯ ಮಾತೇ ಬರಲಿಲ್ಲ. ಸಂಜೆ ನಮ್ಮ ಮಾಲೀಕರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಪ್ಯಾಕಿಂಗ್ ಹೋಗೈತಿ, ಅವರೇ ಹೇಳಾಕ ಹತ್ಯಾರ. ನೀನಾಗಿ ಬಾಯಿ ಬಿಡಬ್ಯಾಡಮ್ಮ. ನಾಕು ಮಂದಿ ಇದರ ಮ್ಯಾಲ ಊಟ ಮಾಡ್ತಾರ," ಎಂದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಹೆದರಿಕೆ ಇತ್ತು.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಯಂತ್ರದ ಮುಂದೆ ಕುಳಿತೆ. ಬಾಯ್ಲರಿನ ಬದಲು ಅಲ್ಲಿ ಒಂದು ತಿರುಪು ಇತ್ತು. ತಿರುಗಿಸಿದರೆ ಪರದೆಯಲ್ಲಿ ಒತ್ತಡ ಏರುತ್ತಿತ್ತು. ಮೊದಲೆಲ್ಲ ಪರೀಕ್ಷೆ ಮಾಡುವಾಗ ಮೂರೋ ನಾಲ್ಕೋ ಸಲ ಕೆಂಪಿಗೆ ಏರಿಸಿ ಇಳಿಸಿ, 'ಅಪಾಯ' ಬಂದು ಹೋಗುವುದನ್ನು ನೋಡಿ, ಸಂಜೆ ಯಂತ್ರ ಆಫ್ ಮಾಡಿ ಮನೆಗೆ ಹೋಗುತ್ತಿದ್ದೆ. ಅಂದು ನಿಲ್ಲಿಸಲಿಲ್ಲ. ಒಂದು ಸಲ ಏರಿಸಿ ಇಳಿಸಿದೆ. ಎರಡು. ಮೂರು. ನಾಲ್ಕು. ಐದನೆಯ ಸಲ ಪದ ಮೂಡಿತು, ಅಳಿಸಿತು, ಮುಳ್ಳು ಹಸಿರಿಗೆ ಬಂತು. ಆರನೆಯ ಸಲ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಮೌಸ್ ಮುಟ್ಟಿದೆ. ಬಾಣ ಓಡಾಡಿತು.

ಕಾರಣ ಸಿಗಲು ಒಂದು ತಾಸೂ ಹಿಡಿಯಲಿಲ್ಲ. ಪರದೆಯ ಮೇಲೆ ಏನು ಬರೆಯಬೇಕಾದರೂ ನನ್ನ ಪ್ರೋಗ್ರಾಮು ವಿಂಡೋಸಿನಿಂದ ಅನುಮತಿ ಪಡೆಯಬೇಕಿತ್ತು, ಬರೆದಾದ ಮೇಲೆ ಹಿಂದಿರುಗಿಸಬೇಕಿತ್ತು. ಅಂಥ ಅನುಮತಿಗಳು ಇಡೀ ಯಂತ್ರಕ್ಕೆ ಐದೇ. ಮೌಸಿನ ಬಾಣಕ್ಕೆ ಮಾತ್ರ ಅದು ಬೇಕಿರಲಿಲ್ಲ. ಎಲ್ಲ ಕಡೆ ನಾನು ಹಿಂದಿರುಗಿಸಿದ್ದೆ, ಒಂದು ಕಡೆ ಬಿಟ್ಟು. 'ಅಪಾಯ' ಎಂಬ ಪದವನ್ನು ಅಳಿಸುವ ಭಾಗದಲ್ಲಿ ಆ ಒಂದು ಸಾಲು ಬರೆದಿರಲಿಲ್ಲ. ಪ್ರತಿ ಸಲ ಅಪಾಯ ಕಳೆದಾಗ ಒಂದು ಅನುಮತಿ ಮುಗಿಯುತ್ತಿತ್ತು. ಐದೂ ಮುಗಿದ ಮೇಲೆ ಪರದೆ ಕೊನೆಯ ಚಿತ್ರವನ್ನೇ ಹಿಡಿದು ಕೂರುತ್ತಿತ್ತು. ಆ ಕೊನೆಯ ಚಿತ್ರ ಯಾವಾಗಲೂ ಹಸಿರೇ. ಒತ್ತಡದ ಲೆಕ್ಕ ಒಳಗೆ ಸರಿಯಾಗಿಯೇ ನಡೆಯುತ್ತಿತ್ತು, ಹೊರಗೆ ಕಾಣುತ್ತಿರಲಿಲ್ಲ. ಮೊದಲ ಸಲ ಮುಳ್ಳು ನಿಂತಾಗಲೇ ಹೀಗೆ ಕುಳಿತು ಎಣಿಸಿದ್ದರೆ ಆ ಬೆಳಿಗ್ಗೆಯೇ ಸಿಕ್ಕಿಬಿಡುತ್ತಿತ್ತು.

ಆ ಒಂದು ಸಾಲು ಸೇರಿಸಿದೆ. ಕೈ ನೋಯುವಷ್ಟು ಸಲ ತಿರುಪು ಏರಿಸಿ ಇಳಿಸಿದೆ. ಆಮೇಲೆ ಆಸ್ಪತ್ರೆಗೆ ನಡೆದೆ.

ತಾತನ ಹಾಸಿಗೆಯ ಪಕ್ಕ ಅವರ ಮಗಳು ಕುಳಿತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳ ಮುಂದೆಯೇ ಎಲ್ಲ ಹೇಳಿದೆ. ಪ್ಯಾಕಿಂಗ್ ಹಳೆಯದಿದ್ದರೂ ಒತ್ತಡ ಅಷ್ಟು ಏರದಿದ್ದರೆ ಅದು ಬಿಡುತ್ತಿರಲಿಲ್ಲ, ಏರಿದ್ದನ್ನು ಪರದೆ ತೋರಿಸಲಿಲ್ಲ, ತೋರಿಸದೇ ಇದ್ದುದು ನಾನು ಒಂದು ಸಾಲು ಮರೆತದ್ದಕ್ಕೆ ಎಂದೆ. ಮಗಳು ಮುಖ ಆಚೆ ತಿರುಗಿಸಿದಳು.

"ಈಗ ಸರಿ ಮಾಡಿಯೇನು?" ಎಂದು ಕೇಳಿದರು ತಾತ.

"ಮಾಡೀನ್ರಿ."

"ಇಂಥವು ಇನ್ನ ಎಲ್ಲೆಲ್ಲಿ ಕುಂದ್ರಿಸೀರಿ?"

"ಕುರುಗೋಡಿನಾಗ ಒಂದೈತ್ರಿ. ಎಣ್ಣಿ ಗಿರಣಿಯಾಗ."

ಅವರು ಕತ್ತು ಹೊರಳಿಸಲು ನೋಡಿದರು, ಆಗಲಿಲ್ಲ. "ಮತ್ತ ಇಲ್ಲಿ ಯಾಕ ಕುಂತಿ?" ಎಂದರು.

ಎದ್ದುಬಿಟ್ಟೆ. ಮಾಲೀಕರಿಗೆ ಹೇಳಲು ಹೋಗಲಿಲ್ಲ. ಸರಿಪಡಿಸಿದ ಫ್ಲಾಪಿ ಚೀಲದಲ್ಲೇ ಇತ್ತು. ಕುರುಗೋಡಿನ ಬಸ್ಸು ಹತ್ತಿದೆ. ಬಂಡೆಗಳ ಗುಡ್ಡ ಕಾಣುವವರೆಗೆ ಯಾವ ಹೊಗೆ ಕಂಡರೂ ಕಿಟಕಿಗೆ ಬಗ್ಗಿ ನೋಡುತ್ತಿದ್ದೆ. ಗಿರಣಿಗೆ ಹೋಗಿ ನೇರವಾಗಿ ಪರದೆಯ ಮುಂದೆ ನಿಂತೆ. ಮುಳ್ಳು ಕೆಂಪು ಗೆರೆಗಿಂತ ತುಸು ಕೆಳಗೆ ನಿಂತಿತ್ತು. ನಡುಗುತ್ತಿರಲಿಲ್ಲ.

"ಬೆಂಕಿ ಆರಿಸ್ರಿ," ಎಂದು ಕೂಗಿದೆ.

ಅಲ್ಲಿದ್ದ ಮೇಸ್ತ್ರಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಬೆಂಕಿ ಎಲ್ಲೈತ್ರಿ ಮೇಡಂ? ನಿನ್ನೆ ಸಂಜಿಯಿಂದ ಗಿರಣಿ ಬಂದ್ ಐತಲ್ಲ. ಕಾಳು ಬಂದಿಲ್ಲ," ಎಂದರು.

ಬಾಯ್ಲರ್ ತಣ್ಣಗಿತ್ತು. ಅದರ ಮೇಲಿನ ಮೀಟರು ಸೊನ್ನೆ ತೋರಿಸುತ್ತಿತ್ತು. ಪರದೆಯ ಮೇಲೆ ಮಾತ್ರ, ಇಲ್ಲದ ಹಬೆಯ ಒತ್ತಡ ಹಿಂದಿನ ದಿನದಿಂದ ಹಾಗೇ ನಿಂತಿತ್ತು. ನಾನು ಅಲ್ಲೇ ಖಾಲಿ ಚೀಲದ ಮೇಲೆ ಕುಳಿತುಬಿಟ್ಟೆ. ಮೇಸ್ತ್ರಿ ನೀರು ತಂದುಕೊಟ್ಟರು.

ಆ ವಾರವೇ ಸಿರುಗುಪ್ಪದ ಸಾವ್ಕಾರರಿಗೂ ಹೇಳಿದೆ. ಅವರು ಸಿಟ್ಟಾದರು, ಕೂಗಾಡಿದರು, ಕೊನೆಗೆ ತಾತನ ಆಸ್ಪತ್ರೆಯ ಖರ್ಚನ್ನು ನಮ್ಮ ಮಾಲೀಕರೊಂದಿಗೆ ಹಂಚಿಕೊಂಡರು. ಪರದೆ ಬೇಡವೆಂದು ಕಿತ್ತು ಕಳಿಸಿದರು. ನಮ್ಮ ಮಾಲೀಕರು ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ, ಕೆಲಸದಿಂದಲೂ ತೆಗೆಯಲಿಲ್ಲ. ಕುರುಗೋಡಿನವರು ಪರದೆ ಉಳಿಸಿಕೊಂಡರು, ಆದರೆ ದೊಡ್ಡ ಗಂಟೆ ಇಟ್ಟ ಮೇಲೆಯೇ. ಅದರ ಜೊತೆಗೆ ನಾನು ಮೂಲೆಯಲ್ಲಿ ಒಂದು ಚುಕ್ಕಿ ಹಾಕಿದೆ. ಸೆಕೆಂಡಿಗೊಮ್ಮೆ ಮಿನುಗಬೇಕು, ಮಿನುಗದಿದ್ದರೆ ಪರದೆಯನ್ನು ನಂಬಬಾರದು ಎಂದು ಅಲ್ಲಿಯವರಿಗೆ ಹತ್ತು ಸಲ ಹೇಳಿದೆ.

ತಾತ ಮತ್ತೆ ಬಾಯ್ಲರ್ ಕೆಲಸಕ್ಕೆ ಹೋಗಲಿಲ್ಲ. ಎಡಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಕುರುಗೋಡಿಗೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಜಗುಲಿಯ ಮೇಲೆ ಕೂರಿಸಿಕೊಂಡು ಕೆಲಸದ ವಿಚಾರ ಕೇಳುತ್ತಿದ್ದರು. ಸುಟ್ಟ ಕೈಯ ಮಾತನ್ನು ಎಂದೂ ಎತ್ತಲಿಲ್ಲ. ಅವರ ಮಗಳು ನನಗೆ ಚಹಾ ತಂದಿಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆಡಬೇಕೆಂದು ನಾನೂ ಕೇಳಲಿಲ್ಲ.