ತಡವಾಗಿ ಕೂಗುವ ಪೆಟ್ಟಿಗೆ

ರೇಡಿಯೋ ಕೇಂದ್ರದಲ್ಲಿ ಪ್ರಸಾರದ ಸದ್ದು ನಿಂತರೆ ಮೇಲಧಿಕಾರಿಗಳ ಫೋನಿಗೆ ದೂರು ಕಳಿಸುವ ಕಾವಲು ಪೆಟ್ಟಿಗೆಯೊಂದಿದೆ. ಆ ಪೆಟ್ಟಿಗೆಯೇ ಕೆಟ್ಟರೆ ಕರೆಯುವುದು ತಂತಿ ಮಾವನನ್ನು. ಅವನು ಬಂದವನೇ ಯಂತ್ರದ ಮುಖ ನೋಡುವುದಿಲ್ಲ. ನೆಲಕ್ಕೆ ಕುಕ್ಕರಿಸಿ, ಹಿಂದಿನ ನೆಟ್‌ವರ್ಕ್ ಕೇಬಲ್ಲನ್ನು ಎಮ್ಮೆಯ ಬಾಲದಂತೆ ತಿರುಚುತ್ತಾನೆ. "ರೋಗ ಯಾವತ್ತೂ ಹಿಂದ್ಗಡೆನೇ ಇರೋದು ಕಣ್ರಯ್ಯ," ಎನ್ನುತ್ತಾನೆ. ಇಲಿ ಕಡಿದ ತಂತಿಯನ್ನು ಮೂಸಿಯೇ ಹೇಳುತ್ತಾನೆ, ಪಿನ್ನಿಗೆ ಹತ್ತಿದ ಧೂಳಿನ ವಂಶವನ್ನೆಲ್ಲ ಜಾಲಾಡುತ್ತಾನೆ, ನಿರ್ದೇಶಕರೇ ಬಂದು ನಿಂತರೂ ಮೇಲೇಳುವುದಿಲ್ಲ. ಅವನ ಕೈ ತಾಗಿದರೆ ಎಲ್ಲ ಸರಿಹೋಗುತ್ತದೆ, ಒಂದು ದೋಷ ಬಿಟ್ಟು: ಸದ್ದು ನಿಂತ ಐದು ಸೆಕೆಂಡಿಗೆ ಕೂಗಬೇಕಾದ ಪೆಟ್ಟಿಗೆ ಹದಿನೈದಕ್ಕೆ ಕೂಗುತ್ತದೆ. ಹೊಸ ಎಂಜಿನಿಯರಮ್ಮ ಎರಡು ದಿನ ತಡಕಾಡಿ, "ಇದು ಕೆಟ್ಟಿಲ್ಲ ಮಾವ, ಯಾರೋ ಬೇಕಂತಲೇ ಬದಲಾಯಿಸಿದಾರೆ," ಎಂದಳು. "ನಾನೇ ಕಣಮ್ಮ. ಸುದ್ದಿ ಓದೋ ಅಕ್ಕನಿಗೆ ಉಬ್ಬಸ. ಉಸಿರಿಗೆ ಅಂತ ನಿಂತಾಗೆಲ್ಲ ಇದು ಚಾಡಿ ಹೇಳಿದ್ರೆ ಅವಳ ಕೆಲಸ ಹೋಗುತ್ತೆ." ಅಷ್ಟರಲ್ಲೇ ಸ್ಟುಡಿಯೋದ ಗಾಜಿನಾಚೆ ಅಕ್ಕ ಸಾಲಿನ ನಡುವೆ ನಿಂತಳು, ಉಬ್ಬಸದ ಮದ್ದನ್ನು ಬಾಯಿಗಿಟ್ಟು ಸೇದಿದಳು. ಎಂಜಿನಿಯರಮ್ಮ ತುಟಿಯಲ್ಲೇ ಎಣಿಸಿದಳು. ಹನ್ನೊಂದಕ್ಕೆ ದನಿ ಮತ್ತೆ ಹೊರಟಿತು, ಬೆಳೆಗಳ ಬೆಲೆಯನ್ನು ಗಟ್ಟಿಯಾಗಿ ಓದುತ್ತ. ಎಂಜಿನಿಯರಮ್ಮ ದೋಷಗಳ ದಾಖಲೆ ಪುಸ್ತಕ ತೆರೆದು ಬರೆದಳು: ಪರೀಕ್ಷಿಸಿದೆ, ಸರಿಯಾಗಿದೆ.